ಸೈಟಿನ ಮಾತಿಗೆ ಸಹಿ ಇರಲಿ

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಗುತ್ತಿಗೆದಾರರೊಂದಿಗೆ ಚದರದ ದರಕ್ಕಾಗಿ ವಾರಗಟ್ಟಲೆ ಚೌಕಾಸಿ ಮಾಡುತ್ತಾರೆ. ಆರ್ಕಿಟೆಕ್ಟ್ ಹೇಳಿದ್ದು ಆ ಗುತ್ತಿಗೆದಾರರಿಗೆ ಯಾವ ದಾರಿಯಲ್ಲಿ ತಲುಪಬೇಕು ಎಂಬುದನ್ನು ಮಾತ್ರ ಗೊತ್ತುಮಾಡಿಕೊಳ್ಳುವುದಿಲ್ಲ.

ಪಾಯ ತೆಗೆಯುವ ಮೊದಲೇ ಎಲ್ಲರೂ ಕೂತು ನಕ್ಷೆ ಬಿಡಿಸಿ ಓದಿ. ಮೇಸ್ತ್ರಿಯನ್ನು ಬಿಟ್ಟು ಕೂರಬೇಡಿ, ಗೋಡೆ ಎಬ್ಬಿಸುವವರು ಅವರೇ. ಮೊದಲು ಇತ್ಯರ್ಥವಾಗಬೇಕಾದದ್ದು ಅಳತೆ. ನಕ್ಷೆ ಮಿಲಿಮೀಟರಿನಲ್ಲಿರುತ್ತದೆ, ಮೇಸ್ತ್ರಿಯ ಲೆಕ್ಕ ಅಡಿ-ಇಂಚಿನಲ್ಲಿ. 3000 ಎಂದು ಬರೆದ ಕೋಣೆಯನ್ನು ‘ಹತ್ತಡಿ’ ಎಂದು ಹಿಡಿದರೆ 48 ಮಿ.ಮೀ. ಹೆಚ್ಚಾಯಿತು. ಸಾಲಾಗಿ ನಾಲ್ಕು ಕೋಣೆ ಬಂದರೆ ಏಳೂವರೆ ಇಂಚು. ಆ ಜಾಗವನ್ನು ಕೊನೆಗೆ ಬಿಟ್ಟುಕೊಡುವುದು ಬಚ್ಚಲು, ಇಲ್ಲವೇ ಮೆಟ್ಟಿಲು. ಅಳತೆ ಇಟ್ಟಿಗೆ ಮುಖಕ್ಕೋ, ಗಿಲಾವು ಆದ ಮೇಲಿನದೋ ಎಂಬುದನ್ನೂ ನಕ್ಷೆಯ ಮೇಲೆಯೇ ಬರೆಸಿ. ತಿದ್ದಿದ ನಕ್ಷೆ ಬಂದೊಡನೆ ಹಳೆಯದನ್ನು ಸೈಟಿನಿಂದ ತೆಗೆದುಬಿಡಬೇಕು. ಸಿಮೆಂಟ್ ಶೆಡ್ಡಿನಲ್ಲಿ ಅಂಟಿಸಿಟ್ಟ ಹಳೆ ಹಾಳೆಯನ್ನು ನೋಡಿಕೊಂಡೇ ಕಿಟಕಿ ಕೂರಿಸಿಬಿಡುತ್ತಾರೆ.

ಕಾರ್ಬನ್ ಹಾಕಿ ಬರೆಯುವ ಡೂಪ್ಲಿಕೇಟ್ ಪುಸ್ತಕವೊಂದನ್ನು ಸೈಟಿನಲ್ಲಿಡಿ. ಗುತ್ತಿಗೆದಾರರ ಪ್ರಶ್ನೆ, ಆರ್ಕಿಟೆಕ್ಟರ ಉತ್ತರ ಎರಡೂ ಅದರಲ್ಲಿ ಬರಲಿ: ‘ಅಡುಗೆಮನೆ ಪೂರ್ವದ ಕಿಟಕಿ, ಸಿಲ್ ಮಟ್ಟ 900ರಿಂದ 1050 ಮಿ.ಮೀ.ಗೆ ಏರಿಸಲು ಒಪ್ಪಿಗೆ. ಕಾರಣ: ಕೆಳಗೆ ಸಿಂಕ್.’ (ಸಿಲ್ ಎಂದರೆ ಕಿಟಕಿಯ ಕೆಳ ಅಂಚು.) ತಾರೀಖು, ಇಬ್ಬರ ಸಹಿ. ಪುಟದ ಫೋಟೊವನ್ನು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಎಲ್ಲರಿಗೂ ಸಿಕ್ಕಂತಾಯಿತು. ಅಳತೆಯನ್ನು ಧ್ವನಿ ಸಂದೇಶದಲ್ಲಿ ಹೇಳುವ ಚಾಳಿ ಬೇಡ.

ನನ್ನ ಪ್ರಕಾರ ಹೆಚ್ಚು ಗೊಂದಲ ಎಬ್ಬಿಸುವವರು ಮನೆಯ ಮಾಲೀಕರು. ಸಂಜೆ ಬಂದು ‘ಮೇಸ್ತ್ರಿ, ಈ ಬಾಗಿಲು ಸ್ವಲ್ಪ ಆಚೆ ಸರಿಸಿಬಿಡಿ’ ಎನ್ನುತ್ತಾರೆ. ಮೇಸ್ತ್ರಿ ‘ಆಗಲಿ ಸಾರ್’ ಎನ್ನುತ್ತಾರೆ. ಲಿಂಟಲ್ (ಬಾಗಿಲ ಮೇಲಿನ ತೊಲೆ) ಎಲ್ಲಿಗೆ, ಸ್ವಿಚ್‌ಬೋರ್ಡ್ ಎಲ್ಲಿಗೆ, ಹೆಚ್ಚುವರಿ ಖರ್ಚು ಯಾರಿಗೆ? ಬದಲಾವಣೆಯನ್ನು ಆರ್ಕಿಟೆಕ್ಟರಿಗೆ ಹೇಳಿ, ದರ ಬರೆಸಿಕೊಂಡ ಮೇಲೆಯೇ ಕೆಲಸ.

ಯಾವ ಹಂತದಲ್ಲಿ ಕೆಲಸ ನಿಲ್ಲಿಸಿ ತೋರಿಸಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅಂಥ ನೆಲದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಗುಂಡಿ ನೋಡದೆ ಬೆಡ್ ಕಾಂಕ್ರೀಟ್ (ಪಾಯದ ತಳದ ಪದರ) ಹಾಕಬಾರದು. ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವ ಎರಡು ದಿನ ಮೊದಲು ಅವರಿಗೆ ಕರೆ ಹೋಗಬೇಕು. ನೋಡಬೇಕಾದದ್ದು: ಕಂಬಿಯ ಅಂತರ, ಕವರ್ ಬ್ಲಾಕ್ (ಕಂಬಿಯನ್ನು ಹಲಗೆಯಿಂದ ಮೇಲೆತ್ತಿ ಹಿಡಿಯುವ ತುಂಡು), ಫ್ಯಾನ್ ಬಾಕ್ಸ್, ಬಚ್ಚಲಿನ ತಗ್ಗು. ಕಾಂಕ್ರೀಟ್ ಲಾರಿ ಬಂದು ನಿಂತ ಮೇಲೆ ತಪ್ಪು ಕಂಡರೂ ‘ನಿಲ್ಲಿಸಿ’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವ) ದಿನಗಳನ್ನೂ ಪುಸ್ತಕದಲ್ಲಿ ಬರೆಯಿರಿ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ, ನಮ್ಮ ಏಪ್ರಿಲ್ ಬಿಸಿಲಿಗೆ 14 ದಿನ.

ಕೊನೆಯ ಬಿಲ್ಲಿನಲ್ಲಿ ಹೆಚ್ಚುವರಿ ಕೆಲಸಗಳನ್ನು ಪುಸ್ತಕದ ಪುಟ ಸಂಖ್ಯೆ ಹಿಡಿದೇ ಲೆಕ್ಕ ಹಾಕಿ. ಸಂಪು, ಕಾಂಪೌಂಡು ಚದರದ ದರದೊಳಗೋ ಹೊರಗೋ, ತಾರಸಿ ಸೋರುತ್ತದೆಯೇ ಎಂದು ನೋಡಲು ಒಂದು ಮಳೆಗಾಲ ಎಷ್ಟು ಹಣ ತಡೆಹಿಡಿಯಬೇಕು ಎಂಬುದು ಒಪ್ಪಂದದ ದಿನವೇ ಬರೆದಿರಬೇಕು.