ಕಾರಿನ ಚಾವಣಿಗೆ ಮನೆಯಲ್ಲೇ ತಯಾರಿಸಿದ ವಿಎಚ್‌ಎಫ್ ಆಂಟೆನಾ

ವಾಹನದ ರೇಡಿಯೊಗೆ ಸ್ವಂತ ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್‌ವರೆಗಿನ) ಆಂಟೆನಾ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಮೇಲೆ ನಿಂತ ಸರಳಿನಲ್ಲಲ್ಲ, ಅದರ ಬುಡದಲ್ಲಿ. ಸರಳನ್ನು ಮಿಲಿಮೀಟರಿನ ಲೆಕ್ಕದಲ್ಲಿ ಕತ್ತರಿಸಿ, ಉಜ್ಜಿ, ಹೊಳಪು ಕೊಟ್ಟು ನಿಲ್ಲಿಸುತ್ತಾರೆ. ರೇಡಿಯೊದಿಂದ ಬರುವ ಕೇಬಲ್ಲಿನಲ್ಲಿ ಒಳತಂತಿಯನ್ನು ಸುತ್ತಿರುವ ತಾಮ್ರದ ಹೆಣಿಗೆಯನ್ನು ಮಾತ್ರ ಬಣ್ಣ ಬಳಿದ ತಗಡಿಗೆ ಒಂದು ಸ್ಕ್ರೂ ಬಿಗಿದು ಮುಗಿಸಿಬಿಡುತ್ತಾರೆ. ಕಾಲು ತರಂಗಾಂತರದ ಆಂಟೆನಾದಲ್ಲಿ (ಸರಳಿನ ಉದ್ದ ರೇಡಿಯೊ ತರಂಗದ ಉದ್ದದ ಕಾಲು ಭಾಗದಷ್ಟಿರುವಂಥದ್ದು) ಕಣ್ಣಿಗೆ ಕಾಣುವ ಸರಳು ಅರ್ಧ ಭಾಗ ಮಾತ್ರ. ಉಳಿದರ್ಧ ವಾಹನದ ಲೋಹದ ಚಾವಣಿಯೇ. ಬುಡದಿಂದ ಚಾವಣಿಯ ಮೇಲೆ ವಿದ್ಯುತ್ ಎಲ್ಲ ಕಡೆಗೂ ಸಮನಾಗಿ ಹರಡಿದಾಗಲೇ ಸಂಕೇತವೂ ಎಲ್ಲ ದಿಕ್ಕಿಗೂ ಸಮನಾಗಿ ಹೊರಡುತ್ತದೆ. ಚಾವಣಿಯ ಅಂಚಿನಲ್ಲಿ ನಿಲ್ಲಿಸಿದ ಆಂಟೆನಾದ ಸಂಕೇತ ಲೋಹ ಹೆಚ್ಚಿರುವ ಕಡೆಗೆ ವಾಲುತ್ತದೆ.

ಇಲ್ಲಿನ ಲೆಕ್ಕ ಹ್ಯಾಮ್ (ಹವ್ಯಾಸಿ) ರೇಡಿಯೊದ 2 ಮೀಟರ್ ಪಟ್ಟಿಯ (ತರಂಗಾಂತರ ಸುಮಾರು 2 ಮೀಟರ್ ಇರುವ ಆವರ್ತನಗಳ) 145 ಮೆಗಾಹರ್ಟ್ಸ್‌ಗೆ ಹೊಂದುತ್ತದೆ. ಈ ಪಟ್ಟಿಯಲ್ಲಿ ಪ್ರಸಾರ ಮಾಡಲು ಪರವಾನಗಿ ಬೇಕು. ಸರಳಿನ ಉದ್ದ ತಿಳಿಯಲು 71.5 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು. ಉತ್ತರ ಮೀಟರಿನಲ್ಲಿ ಸಿಗುತ್ತದೆ. 145ಕ್ಕೆ ಅದು 49.3 ಸೆಂಟಿಮೀಟರ್.

ಬೇಕಾದ ಸಾಮಗ್ರಿ ಕಡಿಮೆ: 2.4 ಮಿಲಿಮೀಟರ್ ದಪ್ಪದ, 60 ಸೆಂಟಿಮೀಟರ್ ಉದ್ದದ ಹಿತ್ತಾಳೆಯ ಬೆಸುಗೆ ಸರಳು, ಸರಳನ್ನು ಹಿಡಿಯುವ ಒಂದು ಪಿಎಲ್-259 ಪ್ಲಗ್, ಆ ಪ್ಲಗ್ಗನ್ನು ತಿರುಗಿಸಿ ಕೂರಿಸಲು ನಾಲ್ಕು ಸ್ಕ್ರೂ ರಂಧ್ರಗಳಿರುವ ಒಂದು ಎಸ್‌ಒ-239 ಸಾಕೆಟ್, ನಾಲ್ಕೈದು ಮೀಟರ್ ಆರ್‌ಜಿ-58 ಕೇಬಲ್, ಹಲ್ಲಿರುವ ವಾಷರ್‌ಗಳು. ಸ್ಟೇನ್‌ಲೆಸ್ ಸ್ಟೀಲ್ ಸರಳು ನೋಡಲು ಚೆಂದವಾದರೂ ಸಾಮಾನ್ಯ ಸಾಲ್ಡರ್ ಅದಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಹಿತ್ತಾಳೆಯೇ ಇರಲಿ. ಟಿವಿಗೆ ಬಳಸುವ 75 ಓಮ್ ಕೇಬಲ್ ಉಳಿದಿದೆಯೆಂದು ಅದನ್ನೇ ಎಳೆಯಬೇಡಿ. ಇಲ್ಲಿಗೆ ಬೇಕಾದದ್ದು 50 ಓಮಿನದು. ಅಗ್ಗದ ಕೇಬಲ್ ಕೊಳ್ಳುವ ಮೊದಲು ತುದಿಯನ್ನು ಸ್ವಲ್ಪ ಸುಲಿದು ನೋಡಿ: ಹೆಣಿಗೆಯ ಎಳೆಗಳ ನಡುವೆ ಒಳಗಿನ ಪ್ಲಾಸ್ಟಿಕ್ ಧಾರಾಳವಾಗಿ ಕಾಣುತ್ತಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಸರಳಿನ ಕೆಲಸ ಸುಲಭ. ಅದನ್ನು ಪ್ಲಗ್ಗಿನ ಟೊಳ್ಳು ಪಿನ್ನಿಗೆ ತೂರಿಸಿ, ಬೆಸೆದು, ಪ್ಲಗ್ಗಿನ ಒಡಲನ್ನು ಎಪಾಕ್ಸಿ ಅಂಟಿನಿಂದ ತುಂಬಿ ಒಂದು ರಾತ್ರಿ ಒಣಗಲು ಬಿಡಿ. ಉಕ್ಕಿನ ಪುಡಿ ಬೆರೆತ ಅಂಟು ಮಾತ್ರ ಬೇಡ. ಅಳತೆ ಹಿಡಿಯಬೇಕಾದದ್ದು ಪ್ಲಗ್ಗಿನ ಬಾಯಿಂದ ಮೇಲಕ್ಕೆ, ಏಕೆಂದರೆ ಒಳಗಿನ ಭಾಗ ಲೋಹದ ಕವಚದಲ್ಲಿ ಮುಚ್ಚಿಹೋಗಿರುತ್ತದೆ. ಮೊದಲಿಗೆ 52 ಸೆಂಟಿಮೀಟರ್ ಬಿಟ್ಟು ಕತ್ತರಿಸಿ.

ಇನ್ನು ಬುಡ. ಜಾಗ ಚಾವಣಿಯ ನಡುವೆ, ಒಳಗಿನ ದೀಪದ ಹತ್ತಿರ ಇರಲಿ. ದೀಪ ಬಿಚ್ಚಿದರೆ ಒಳಹೊದಿಕೆಗೂ ತಗಡಿಗೂ ನಡುವೆ ಕೈ ಹೋಗುವಷ್ಟು ದಾರಿ ಸಿಗುತ್ತದೆ. ಒಳಗೆ ಅಡ್ಡಪಟ್ಟಿಯಾಗಲಿ ವಯರಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ 3 ಮಿಲಿಮೀಟರ್ ರಂಧ್ರ ಕೊರೆದು, ಮೆಟ್ಟಿಲು ಡ್ರಿಲ್ಲಿನಿಂದ ಅದನ್ನು 16 ಮಿಲಿಮೀಟರಿಗೆ ಹಿಗ್ಗಿಸಬೇಕು. ಡ್ರಿಲ್ ಒಮ್ಮೆಲೇ ಒಳನುಗ್ಗಿ ಹೊದಿಕೆಯನ್ನು ಹರಿಯದಂತೆ ಅದರ ಸುತ್ತ ದಪ್ಪವಾಗಿ ಟೇಪ್ ಸುತ್ತಿ ತಡೆ ಮಾಡಿಕೊಳ್ಳಿ. ಉದುರಿದ ಉಕ್ಕಿನ ಚೂರುಗಳನ್ನು ಒಂದೂ ಬಿಡದಂತೆ ಗುಡಿಸಿ ತೆಗೆಯಬೇಕು. ಬಣ್ಣದ ಮೇಲೆ ಉಳಿದ ಚೂರು ಮೊದಲ ಮಳೆಗೇ ತುಕ್ಕಿನ ಚುಕ್ಕೆಯಾಗುತ್ತದೆ. ರಂಧ್ರದ ಬರಿಯ ಅಂಚಿಗೆ ಪ್ರೈಮರ್ ಹಚ್ಚಿ.

ಸಾಕೆಟ್ಟನ್ನು ಮೇಲಿನಿಂದ ಇಟ್ಟು, ನಾಲ್ಕು ಸ್ಕ್ರೂಗಳನ್ನು ತಗಡಿನ ಮೂಲಕ ಕೆಳಗಿಳಿಸಿ ನಟ್ಟುಗಳನ್ನು ಒಳಗಿನಿಂದ ಬಿಗಿಯಬೇಕು. ಇಲ್ಲಿಯೇ ತಪ್ಪು ನಡೆಯುವುದು. ತಗಡಿನ ಒಳಮೈ ಕೂಡ ಬಣ್ಣದಿಂದ ಮುಚ್ಚಿರುತ್ತದೆ, ಬಣ್ಣವೆಂದರೆ ವಿದ್ಯುತ್ತಿಗೆ ಗೋಡೆ. ಪ್ರತಿ ಸ್ಕ್ರೂವಿನ ಸುತ್ತ ಒಂದು ಸೆಂಟಿಮೀಟರಿನಷ್ಟು ಜಾಗವನ್ನು ಮರಳುಕಾಗದದಿಂದ ಲೋಹ ಫಳಫಳಿಸುವವರೆಗೆ ಉಜ್ಜಿ, ಹಲ್ಲಿನ ವಾಷರ್ ಇಟ್ಟು, ಎದುರುಬದುರಿನ ಎರಡು ಸ್ಕ್ರೂಗಳಿಗೆ ಬೆಸುಗೆಯ ಲಗ್ (ತಂತಿ ಬೆಸೆಯಲು ಕಿವಿಯಿರುವ ಲೋಹದ ಬಳೆ) ಹಾಕಿ ಬಿಗಿದು, ಬಿಗಿದ ಮೇಲೆ ಗ್ರೀಸ್ ಸವರಬೇಕು. ಹೊರಮೈಯ ಬಣ್ಣವನ್ನು ಮಾತ್ರ ಕೆರೆಯಬೇಡಿ.

ಕೇಬಲ್ಲಿನ ಹೆಣಿಗೆಯನ್ನು ಎರಡು ಜಡೆಗಳಾಗಿ ಸೀಳಿ ಆ ಎರಡು ಲಗ್‌ಗಳಿಗೆ ಬೆಸೆಯಬೇಕು, ಮತ್ತು ಒಂದೊಂದು ಜಡೆಯ ಉದ್ದ ಒಂದು ಸೆಂಟಿಮೀಟರ್ ಮೀರಬಾರದು. ‘ತಂತಿ ತಾನೇ, ಸ್ವಲ್ಪ ಉದ್ದವಾದರೇನು’ ಎಂಬ ಉದಾಸೀನ ಮನೆಯ ವಿದ್ಯುತ್ತಿಗೆ ನಡೆಯುತ್ತದೆ, 145 ಮೆಗಾಹರ್ಟ್ಸ್‌ನಲ್ಲಿ ನಡೆಯದು: ಅಲ್ಲಿ ಐದು ಸೆಂಟಿಮೀಟರಿನ ತಂತಿಯೇ ಸುಮಾರು 40 ಓಮಿನಷ್ಟು ತಡೆಯೊಡ್ಡುವ ಸುರುಳಿಯಂತೆ ವರ್ತಿಸುತ್ತದೆ, ಅಂದರೆ ಆಂಟೆನಾದ ತಡೆಯಷ್ಟೇ ಇನ್ನೊಂದು ತಡೆಯನ್ನು ನಾವೇ ನಡುವೆ ತಂದಿಟ್ಟಂತೆ. ಒಳತಂತಿಯನ್ನು ಸಾಕೆಟ್ಟಿನ ನಡುಪಿನ್ನಿನ ಕೆಳತುದಿಯ ಬಟ್ಟಲಿಗೆ ಬೆಸೆಯುವಾಗ ಚೆನ್ನಾಗಿ ಕಾದ, ದೊಡ್ಡ ತುದಿಯ ಬೆಸುಗೆ ಕಡ್ಡಿ ಬಳಸಿ ಎರಡೇ ಕ್ಷಣದಲ್ಲಿ ಮುಗಿಸಬೇಕು. ಸಣ್ಣ ಕಡ್ಡಿಯನ್ನು ಒತ್ತಿಹಿಡಿದು ಕಾಯುತ್ತ ಕುಳಿತರೆ ಒಳಗಿನ ಪ್ಲಾಸ್ಟಿಕ್ ಕರಗಿ ಒಳತಂತಿಯೂ ಹೆಣಿಗೆಯೂ ತಾಗಿಕೊಳ್ಳುತ್ತವೆ. ಹಾಗೆ ಆಗಿಲ್ಲವೆಂದು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ: ಒಳತಂತಿಗೂ ಹೆಣಿಗೆಗೂ ಸಂಪರ್ಕವಿರಬಾರದು, ಹೆಣಿಗೆಗೂ ವಾಹನದ ಲೋಹಕ್ಕೂ ನಡುವೆ ಒಂದು ಓಮಿಗಿಂತ ಕಡಿಮೆ ತೋರಬೇಕು.

ಕೊರೆಯಲು ಮನಸ್ಸಿಲ್ಲದವರು ಅಯಸ್ಕಾಂತದ ಬುಡ ಬಳಸುತ್ತಾರೆ. ಅಯಸ್ಕಾಂತದ ತಳವೂ ಚಾವಣಿಯೂ ಬಣ್ಣದ ಪದರವನ್ನು ನಡುವಿಟ್ಟುಕೊಂಡು ಕೆಪಾಸಿಟರಿನಂತೆ (ಲೋಹಗಳು ತಾಗದಿದ್ದರೂ ರೇಡಿಯೊ ಆವರ್ತನದ ವಿದ್ಯುತ್ತನ್ನು ದಾಟಿಸುವ ಸಾಧನ) ವರ್ತಿಸುವುದರಿಂದ ವಿಎಚ್‌ಎಫ್‌ನಲ್ಲಿ ಅದು ಕೆಲಸ ಮಾಡುತ್ತದೆ. ಆದರೆ ಬಾಗಿಲಿನ ಸಂದಿಯಲ್ಲಿ ದಿನವೂ ಜಜ್ಜಿಹೋಗುವ ಕೇಬಲ್ ಹೆಚ್ಚು ಕಾಲ ಬಾಳುವುದಿಲ್ಲ, ಗಾಜು ಅಥವಾ ಫೈಬರ್ ಚಾವಣಿಗೆ ಅಯಸ್ಕಾಂತ ಅಂಟುವುದೂ ಇಲ್ಲ. ಸಾಮಾನು ಹೇರುವ ಕಂಬಿಗೆ ಕಟ್ಟುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಬಣ್ಣ ಬಳಿದ ಆ ಕಂಬಿಗೂ ಚಾವಣಿಗೂ ಹಲವು ಬಾರಿ ವಿದ್ಯುತ್ ಸಂಪರ್ಕವೇ ಇರುವುದಿಲ್ಲ.

ಕೇಬಲ್ಲನ್ನು ರೇಡಿಯೊವರೆಗೆ ಎಳೆಯುವಾಗ ಬದಿಯ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೆ ಅಡ್ಡ ಬಾರದಂತೆ ನೋಡಿಕೊಳ್ಳಿ.

ಕೊನೆಗೆ ಎಸ್‌ಡಬ್ಲ್ಯೂಆರ್ ಮೀಟರ್: ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ಹಿಂದಿರುಗುತ್ತಿದೆ ಎಂದು ತೋರಿಸುವ ಸಾಧನ, ಅಂಕಿ 1 ಎಂದರೆ ಏನೂ ಹಿಂದಿರುಗುತ್ತಿಲ್ಲ. ವಾಹನವನ್ನು ಗೋಡೆ, ಮರಗಳಿಂದ ದೂರ ಬಯಲಲ್ಲಿ ನಿಲ್ಲಿಸಿ, ಬಾಗಿಲುಗಳನ್ನು ಮುಚ್ಚಿ, ಕಡಿಮೆ ಶಕ್ತಿಯಲ್ಲಿ 144, 145, 146 ಮೂರರಲ್ಲೂ ಅಳೆಯಿರಿ. 144ರಲ್ಲಿ ಅಂಕಿ ಕಡಿಮೆ ಬಂದರೆ ಸರಳು ಉದ್ದವಾಗಿದೆ. ಮೊದಲ ಬಾರಿ ಒಂದು ಸೆಂಟಿಮೀಟರ್, ಆಮೇಲೆ ಮೂರು ಮೂರು ಮಿಲಿಮೀಟರ್ ಕತ್ತರಿಸುತ್ತ ಹೋಗಿ. ಒಂದು ಮೆಗಾಹರ್ಟ್ಸ್ ಸರಿಯಲು 3.4 ಮಿಲಿಮೀಟರ್ ಸಾಕು. ಕನಿಷ್ಠ ಅಂಕಿ 145ಕ್ಕೆ ಬಂದು ಕುಳಿತ ಕೂಡಲೇ ಕತ್ತರಿ ಕೆಳಗಿಡಬೇಕು. ಅಲ್ಲಿ ಮೀಟರು 1.3 ಅಥವಾ 1.4 ತೋರಿಸಿದರೆ ಅದು ದೋಷವಲ್ಲ: ಲೋಹದ ಹಾಳೆಯ ಮೇಲೆ ನಿಂತ ಕಾಲು ತರಂಗಾಂತರದ ಸರಳಿನ ತಡೆ ಸುಮಾರು 36 ಓಮ್, ಕೇಬಲ್ಲಿನದು 50. ಒಂದಕ್ಕೆ ಒಂದು ಬರಲೇಬೇಕೆಂಬ ಹಟದಿಂದ ಇನ್ನೂ ಕತ್ತರಿಸಿ ಸರಳನ್ನು ಹಾಳುಮಾಡಿಕೊಂಡವರನ್ನು ಕಂಡಿದ್ದೇನೆ. 1.5 ಇದ್ದಾಗಲೂ ಹಿಂದಿರುಗುವ ಶಕ್ತಿ ಶೇಕಡಾ 4 ಮಾತ್ರ. ಅದಕ್ಕೆ ಬದಲಾಗಿ ಮೂರೂ ಕಡೆ 1.1 ಎಂದೇ ಬಂದರೆ ಸಂತೋಷಪಡುವ ಮೊದಲು ಕೇಬಲ್ಲನ್ನು ಅನುಮಾನಿಸಿ. ಕಳಪೆ ಕೇಬಲ್ ಶಕ್ತಿಯನ್ನು ಹೋಗುವಾಗಲೂ ಬರುವಾಗಲೂ ನುಂಗಿ, ಮೀಟರಿಗೆ ಒಳ್ಳೆಯ ಮುಖ ತೋರಿಸುತ್ತದೆ.

ಸರಳಿನ ತುದಿಗೆ ಕಣ್ಣಿಗೆ ಚುಚ್ಚದಂಥ ಪ್ಲಾಸ್ಟಿಕ್ ಮಣಿಯೊಂದನ್ನು ಅಂಟಿಸಿ, ಸಾಕೆಟ್ಟಿನ ಅಂಚಿಗೆ ಸಿಲಿಕೋನ್ ಮೆತ್ತಿ. ವಿನೆಗರ್ ವಾಸನೆ ಬೀರುವ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ, ವಾಸನೆಯಿಲ್ಲದ ನ್ಯೂಟ್ರಲ್ ಬಗೆಯದನ್ನೇ ಕೇಳಿ ತನ್ನಿ. ಮೊದಲ ಜೋರು ಮಳೆಯ ಮರುದಿನ ಇನ್ನೊಮ್ಮೆ ಅಳೆಯಿರಿ. ಅಂಕಿ ಬದಲಾಗಿದ್ದರೆ ನೀರು ಒಳಗೆ ಇಳಿದಿದೆ, ದೀಪ ಬಿಚ್ಚಿ ಬುಡವನ್ನು ಮತ್ತೆ ನೋಡಬೇಕು.