ತಂಗಡಿ ಹೂವನ್ನು ಟ್ಯಾಬ್ಲೆಟ್‌ನಲ್ಲಿ ಬಿಡಿಸುವುದು ಹೇಗೆ?

ಮಳೆ ಬಿದ್ದ ಮೇಲೆ ಚಿತ್ರದುರ್ಗದ ಸುತ್ತಲಿನ ಬದುಗಳಲ್ಲಿ ತಂಗಡಿ ಮೈತುಂಬ ಹೂ ಬಿಡುತ್ತದೆ. ಸಸ್ಯಚಿತ್ರ (ಗಿಡವನ್ನು ಗುರುತಿಸಲಾಗುವಂತೆ ನಿಖರವಾಗಿ ಬಿಡಿಸುವ ಚಿತ್ರ) ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ಬೇಕಿಲ್ಲ. ಗುರುತಿನ ಅಂಗಗಳೆಲ್ಲ ಬರಿಗಣ್ಣಿಗೇ ಕಾಣುತ್ತವೆ. ಬದುವಿನಿಂದಲೇ ಒಂದು ರೆಂಬೆ ತನ್ನಿ. ಜೋಗಿಮಟ್ಟಿ ವನ್ಯಜೀವಿ ಧಾಮದೊಳಗೆ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ.

ಪೆನ್ನು ಹಿಡಿಯುವ ಮೊದಲು ಎಣಿಸಿ, ಅಳೆಯಿರಿ. ಹೂವಿಗೆ 5 ದಳ, 10 ಕೇಸರ. ಮೇಲಿನ 3 ಕೇಸರ ಚಿಕ್ಕವು, ಅವುಗಳಲ್ಲಿ ಪರಾಗವಿಲ್ಲ. ಪ್ರತಿ ಜೋಡಿ ಕಿರುಎಲೆಗಳ ನಡುವೆ ಸಣ್ಣ ಕಡ್ಡಿಯಂಥ ಗ್ರಂಥಿ. ಎಲೆತೊಟ್ಟಿನ ಬುಡದಲ್ಲಿ ಕಿವಿಯಾಕಾರದ ಪುಟ್ಟ ಎಲೆಗಳು. ಇವು ತಪ್ಪಿದರೆ ಅದೊಂದು ಹಳದಿ ಹೂವಿನ ಚಿತ್ರವಾದೀತು, ತಂಗಡಿಯದಾಗದು.

ರೆಂಬೆಯನ್ನು ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ನೆರಳಿನಲ್ಲಿ ಫೋಟೊ ತೆಗೆಯಿರಿ. ಮೊಬೈಲ್ ತೀರ ಹತ್ತಿರ ಹಿಡಿದರೆ ಮುಂದಿನ ದಳ ಹಿಗ್ಗುತ್ತದೆ. ತುಸು ದೂರದಿಂದ ಜೂಮ್ ಮಾಡಿ. ಗಾಢ ಹಳದಿಯಲ್ಲಿ ದಳದ ನರಗಳು ಮಾಯವಾಗುವುದುಂಟು, ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕು) ಸ್ವಲ್ಪ ಇಳಿಸಿ. ಎಲೆಗಳನ್ನು ಸ್ಕ್ಯಾನರ್‌ನಲ್ಲಿ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ ಸಾಕು.

ಕ್ರಿಟಾ ಚಿತ್ರ ಬಿಡಿಸುವ ಉಚಿತ ತಂತ್ರಾಂಶ, ಕಲಿಯಲು ಧಾರಾಳವಾಯಿತು. ಎ4 ಅಳತೆಗೆ 600 ಡಿಪಿಐ ಎಂದರೆ 4960 × 7016 ಪಿಕ್ಸೆಲ್. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂತೆ. ಫೋಟೊವನ್ನು ಕೆಳಗಿನ ಲೇಯರ್‌ನಲ್ಲಿ ಮಸುಕಾಗಿಸಿ, ಮೇಲಿನ ಲೇಯರ್‌ನಲ್ಲಿ ಗೆರೆ ಎಳೆಯಿರಿ. ಆದರೆ ಫೋಟೊವನ್ನೇ ಪೂರ್ತಿ ನಂಬಬೇಡಿ: ಒಂದು ಎಲೆ ಇನ್ನೊಂದನ್ನು ಮುಚ್ಚಿದ್ದರೆ ಸರಿಸಿ ಬಿಡಿಸಿ, ಒಂದನ್ನು ಮಗುಚಿ ಅಡಿಭಾಗ ತೋರಿಸಿ. ಛಾಯಾಚಿತ್ರದ ಕೈಗೆಟುಕದ ಕೆಲಸವಿದು, ನನ್ನ ಮಟ್ಟಿಗೆ ಇಡೀ ಕಲೆಯ ಜೀವವೇ ಇಲ್ಲಿದೆ.

ಬಣ್ಣಕ್ಕೆ, ನೆರಳಿಗೆ ಬೇರೆ ಬೇರೆ ಲೇಯರ್ ಇರಲಿ. ಬೆಳಕು ಎಡಮೇಲಿನಿಂದ ಬೀಳುವಂತೆ ತೋರಿಸುವುದು ವಾಡಿಕೆ. ಹೂ ಬಾಡುವ ಮುಂಚೆಯೇ ಪರದೆಯ ಪಕ್ಕ ಹಿಡಿದು ಬಣ್ಣ ಹೊಂದಿಸಿಕೊಳ್ಳಿ.

ಚಿತ್ರದ ಕೆಳಗೆ ‘ಎರಡು ಪಟ್ಟು ದೊಡ್ಡದು’ ಎಂದು ಬರೆಯಬೇಡಿ. ಮುದ್ರಣದಲ್ಲಿ ಚಿತ್ರ ಕಿರಿದಾದರೆ ಅದು ಸುಳ್ಳಾಗುತ್ತದೆ. 1 ಸೆಂ.ಮೀ. ಅಳತೆಗೆರೆ ಹಾಕಿ, ಚಿತ್ರದ ಜತೆಗೇ ಅದೂ ಕುಗ್ಗುತ್ತದೆ.

ಲೇಯರ್‌ಗಳಿರುವ ಮೂಲ ಕಡತ ಜೋಪಾನ. ಮುದ್ರಣಕ್ಕೆ ಟಿಫ್ ಮಾದರಿಯ ಕಡತ ಕೊಡಿ. ಜೆಪೆಗ್ ಮಾದರಿಯ ಕಡತ ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಸವೆಯುತ್ತದೆ. ಹೂವಿನ ಜತೆ ಬಲಿತ ಕಾಯಿ ಸಿಗದಿದ್ದರೆ ಪುಟದ ಮೂಲೆಯಲ್ಲಿ ಜಾಗ ಬಿಟ್ಟಿರಿ. ಚಪ್ಪಟೆ ಕಾಯಿ ಒಣಗಿ, ಒಳಗಿನ ಬೀಜದ ಉಬ್ಬು ಹೊರಗೆ ಕಾಣತೊಡಗಿದಾಗ ಹೊಸ ಲೇಯರ್ ತೆರೆದು ಸೇರಿಸಬಹುದು.