ಬೆಳಕಿಗೆ ಬೆಳಕೇ ಸ್ವಿಚ್: ನನ್ನ ಅನುಭವ

ಕಳೆದ ಮಳೆಗಾಲ ಪೂರ್ತಿ ಕಾಸರಗೋಡಿನ ಲ್ಯಾಬಿನಲ್ಲಿ ನಾನು ಒಂದು ಫೈಬರ್ ಲೂಪಿನ, ಅಂದರೆ ಬೆಳಕು ಓಡುವ ಗಾಜಿನ ಎಳೆಯ ಸುತ್ತಿನ, ಹಿಂದೆ ಬಿದ್ದಿದ್ದೆ. ನಾನ್‌ಲೀನಿಯರ್ ಆಪ್ಟಿಕಲ್ ಲೂಪ್ ಮಿರರ್ ಅಂತ ಹೆಸರು, ಡೋರನ್ ಮತ್ತು ವುಡ್ 1988ರಲ್ಲಿ ಮುಂದಿಟ್ಟದ್ದು. ನೋಡಿದರೆ ಇಷ್ಟೇನಾ ಅನಿಸುತ್ತದೆ. ಬೆಳಕನ್ನು ಎರಡು ಪಾಲು ಮಾಡುವ ಒಂದು ಕಪ್ಲರ್, ಅದರ ಎರಡು ತುದಿ ಸೇರಿಸುವ ಉದ್ದದ ಫೈಬರ್.

ಬದಿಯಡ್ಕದ ಮನೆಯಲ್ಲಿ ಅಪ್ಪನಿಗೆ ಹೀಗೆ ಹೇಳಿದೆ: "ತೋಟದ ದಣಪೆಯಿಂದ ಇಬ್ಬರು ಹೊರಡುತ್ತಾರೆ, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಬೇಲಿ ಸುತ್ತಿ ದಣಪೆಗೇ ವಾಪಸ್."

"ದಾರಿ ಒಂದೇ ಅಲ್ವಾ, ಒಟ್ಟಿಗೇ ಮುಟ್ಟುತ್ತಾರೆ" ಅಂದರು.

ಅದೇ ವಿಷಯ. ಮಂದ ಬೆಳಕಿನಲ್ಲಿ ಎರಡೂ ಪಾಲು ಒಟ್ಟಿಗೇ ಬಂದು ಸೇರುತ್ತವೆ, ಬಹುಪಾಲು ಬೆಳಕು ಬಂದ ದಾರಿಯಲ್ಲೇ ಹಿಂದಕ್ಕೆ. ಆದರೆ ಬೆಳಕು ಜೋರಾದಷ್ಟೂ ಗಾಜಿನ ವಕ್ರೀಭವನ ಸೂಚ್ಯಂಕ ಚೂರು ಏರುತ್ತದೆ, ಅಂದರೆ ಅದರೊಳಗೆ ಬೆಳಕು ಚೂರು ನಿಧಾನ, ಇದೇ ಕೆರ್ ಪರಿಣಾಮ. ಹಾಗಾಗಿ ಬೆಳಕನ್ನು 60:40 ಆಗಿ ಹಂಚುವ ಕಪ್ಲರ್ ಹಾಕಿದರೆ ಜಾಸ್ತಿ ಪಾಲು ಸಿಕ್ಕಿದ ಅಲೆ ಇನ್ನೊಂದಕ್ಕಿಂತ ಹಿಂದೆ ಬೀಳುತ್ತದೆ, ಆ ಅಂತರ ಅರ್ಧ ಅಲೆಯಷ್ಟಾದಾಗ ಬೆಳಕು ಹಿಂದಿರುಗದೆ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತದೆ. ನಡುವೆ ಎಲೆಕ್ಟ್ರಾನಿಕ್ಸ್ ಇಲ್ಲವೇ ಇಲ್ಲ.

ನನ್ನ ಬಳಿ ಇದ್ದದ್ದು 500 ಮೀಟರ್ ಹೈಲಿ ನಾನ್‌ಲೀನಿಯರ್ ಫೈಬರ್, ಈ ಪರಿಣಾಮ ಹೆಚ್ಚು ಕಾಣುವ ಜಾತಿಯದ್ದು. ಆ ಅರ್ಧ ಅಲೆಯ ಅಂತರಕ್ಕೆ ಲೆಕ್ಕದ ಪ್ರಕಾರ ಸುಮಾರು 3 ವ್ಯಾಟ್ ಬೇಕು. ಹೆದರಬೇಡಿ, ಅದು ಪಲ್ಸಿನ, ಅಂದರೆ ಬೆಳಕಿನ ಒಂದು ಚಿಕ್ಕ ಮಿಡಿತದ, ಗರಿಷ್ಠ ಶಕ್ತಿ. 1 ನ್ಯಾನೊಸೆಕೆಂಡಿನ ಪಲ್ಸು ಸೆಕೆಂಡಿಗೆ 10 ಲಕ್ಷ ಬಂದರೆ ಮೀಟರಿನಲ್ಲಿ ಕಾಣುವ ಸರಾಸರಿ 3 ಮಿಲಿವ್ಯಾಟ್ ಅಷ್ಟೇ. ಲೇಸರಿನ ಮುಂದೆ ಐಸೊಲೇಟರ್ (ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ) ಮಾತ್ರ ಮರೆಯಬೇಡಿ, ಲೂಪು ಕನ್ನಡಿ ಆದಾಗ ಬೆಳಕೆಲ್ಲ ನೇರ ಲೇಸರಿಗೇ ವಾಪಸ್ ಹೋಗುತ್ತದೆ.

ಕಷ್ಟ ಬಂದದ್ದು ಪೋಲರೈಸೇಷನ್ನಿನಲ್ಲಿ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕಿನಲ್ಲಿ. ಮಂದ ಬೆಳಕಿನಲ್ಲಿ ಹೊರಗೆ ಸೋರಬೇಕಾದ್ದು ನೂರಕ್ಕೆ 4 ಪಾಲು, ನನಗೆ ಸಿಗುತ್ತಿದ್ದದ್ದು 30ರ ಮೇಲೆ. ಮೂರು ವಾರ ಕಪ್ಲರ್ ಹಾಳಾಗಿದೆ ಅಂತಲೇ ನಂಬಿದ್ದೆ, ಎರಡು ಸಲ ಫೈಬರ್ ಬೆಸೆದ ಜಾಗ (ಸ್ಪ್ಲೈಸ್) ಕತ್ತರಿಸಿ ಮತ್ತೆ ಬೆಸೆದೆ. ತಪ್ಪು ಅಲ್ಲಿರಲಿಲ್ಲ. ಫೈಬರ್ ಸುತ್ತುವಾಗ ಬಿದ್ದ ತಿರುಚಿನಿಂದ ಎರಡು ಅಲೆಗಳ ಪೋಲರೈಸೇಷನ್ ಬೇರೆ ಬೇರೆಯಾಗಿ ತಿರುಗುತ್ತಿತ್ತು. ಲೂಪಿನೊಳಗೆ ಆ ದಿಕ್ಕನ್ನು ಸರಿಪಡಿಸುವ ಪೋಲರೈಸೇಷನ್ ಕಂಟ್ರೋಲರ್ ಸೇರಿಸಿ ಅದರ ನಡುವಿನ ರೆಕ್ಕೆಯನ್ನು ಉಗುರಿನಲ್ಲಿ ನೂಕಿದಂತೆ ಮೆಲ್ಲ ಮೆಲ್ಲ ತಿರುಗಿಸಿದೆ. ಸೋರಿಕೆ ನೂರಕ್ಕೆ 22, 15, 9, ಕೊನೆಗೆ 5. ಅಂಗಿ ತೋಳು ಫೈಬರಿಗೆ ತಾಗಿತು, ಮತ್ತೆ 18! ಆಮೇಲೆ ಫೈಬರನ್ನೆಲ್ಲ ಟೇಪ್ ಹಾಕಿ ಮೇಜಿಗೆ ಅಂಟಿಸಿಬಿಟ್ಟೆ. ಬಿಸಿಲು ಮಳೆಗೆ ಈ ಲೂಪು ಅಷ್ಟಾಗಿ ಅಲುಗುವುದಿಲ್ಲ, ಎರಡೂ ಅಲೆ ಒಂದೇ ಫೈಬರಿನಲ್ಲಿ ಓಡುತ್ತವಲ್ಲ, ಅದಕ್ಕೇ ಎರಡು ಅಲೆಗೂ ಬೇರೆ ಬೇರೆ ದಾರಿ ಇರುವ ಮಾಖ್-ಜೆಂಡರ್ ಜೋಡಣೆ ಬಿಟ್ಟು ಇದನ್ನೇ ಹಿಡಿದದ್ದು.

ಶಕ್ತಿ ಏರಿಸುತ್ತಾ ಹೋದಂತೆ ಆಸಿಲೋಸ್ಕೋಪಿನಲ್ಲಿ ಪಲ್ಸು ಎದ್ದಿತು, ಒಳಗೆ ಹೋದದ್ದಕ್ಕಿಂತ ತೆಳ್ಳಗೆ. ಅದರ ಅಂಚುಗಳಲ್ಲಿ ಬೆಳಕು ಮಂದ, ಆ ಭಾಗ ಹಿಂದಕ್ಕೆ ಹೋಗಿತ್ತು, ನಡುವಿನ ಜೋರು ಭಾಗ ಮಾತ್ರ ಬಾಗಿಲು ದಾಟಿ ಬಂದಿತ್ತು.